ಟೈರು ಎಲ್ಲಿ ಸವೆಯಿತು, ಯಾಕೆ ಸವೆಯಿತು?

(ಮಹಿಳಾ ವೇದಿಕೆಯ ಆನ್‌ಲೈನ್ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



"ನಿನ್ನ ಕೆಲಸದ ಬಗ್ಗೆ ಏನಾದರೂ ಹೇಳಮ್ಮ, ಆದರೆ ಕಂಪ್ಯೂಟರ್ ಭಾಷೆಯಲ್ಲಿ ಬೇಡ" ಎಂದು ನಮ್ಮ ಹಿರಿಯರೊಬ್ಬರು ಮೊದಲೇ ಷರತ್ತು ಹಾಕಿದ್ದಾರೆ. ನಾನು ಮಾಡುವುದು ಸಾಫ್ಟ್‌ವೇರ್ ಕೆಲಸವೇ. ಆದರೆ ಆ ಸಾಫ್ಟ್‌ವೇರ್ ವಿಮಾನಗಳ ದುರಸ್ತಿ ದಾಖಲೆಗಳದ್ದು. ಯಾವ ಬಿಡಿಭಾಗವನ್ನು ಯಾವಾಗ ಹಾಕಿದರು, ಯಾವಾಗ ತೆಗೆದರು, ಯಾಕೆ ತೆಗೆದರು, ಯಾರು ಸಹಿ ಹಾಕಿದರು ಎನ್ನುವುದೆಲ್ಲ ಅದರಲ್ಲಿರುತ್ತದೆ. ಹಾಗಾಗಿ ಎಂ.ಟೆಕ್. ಓದಿ ಲ್ಯಾಪ್‌ಟಾಪ್ ಮುಂದೆ ಕೂರಬೇಕಾದವಳು ಆಗಾಗ ವಿಮಾನದ ಶೆಡ್ಡಿನಲ್ಲಿ ಗ್ರೀಸಿನ ವಾಸನೆಯ ನಡುವೆ ನಿಂತಿರುತ್ತೇನೆ. ಇವತ್ತು ಹೇಳಹೊರಟಿರುವುದು ಅಲ್ಲಿ ಕಲಿತ ಒಂದು ಪುಟ್ಟ ವಿಷಯ: ಚಿಕ್ಕ ವಿಮಾನದ ಟೈರು ಒಂದೇ ಕಡೆ ಸವೆಯತೊಡಗಿದರೆ ಏನು ಮಾಡಬೇಕು?

ಇಂದಿರಾಪುರಂನಲ್ಲಿರುವ ನಮಗೆ ವಿಮಾನದ ಸದ್ದು ಹೊಸದಲ್ಲ. ಹಿಂಡನ್ ವಾಯುನೆಲೆ ಇಲ್ಲೇ ಹತ್ತಿರ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ಹೋಗುತ್ತದಲ್ಲ, ಆ ಬೂದು ಬಣ್ಣದ ದೈತ್ಯ ಸಿ-17, ಅದಕ್ಕೆ ಹದಿನಾಲ್ಕು ಟೈರುಗಳು: ಮೂಗಿನ ಕೆಳಗೆ ಎರಡು, ಹೊಟ್ಟೆಯ ಕೆಳಗೆ ಹನ್ನೆರಡು. 2019ರ ಅಕ್ಟೋಬರಿನಿಂದ ಹಿಂಡನ್‌ನಲ್ಲಿ ಸಾರ್ವಜನಿಕ ವಿಮಾನಗಳೂ ಶುರುವಾದವು. ನವೆಂಬರ್‌ನಲ್ಲೇ ಹುಬ್ಬಳ್ಳಿಯಿಂದ ನೇರ ವಿಮಾನ ಬಂತು. ಆ ಕಡೆಯ ನಮ್ಮ ಬಳಗದವರಿಗೆ ಆಗಿದ್ದ ಸಂಭ್ರಮ ನಿಮಗೆಲ್ಲ ನೆನಪಿರಬೇಕು. ಬೆಳಿಗ್ಗೆ ಧಾರವಾಡದಲ್ಲಿ ಕಟ್ಟಿದ ಪೇಡೆ ಸಂಜೆಗೆ ಇಲ್ಲಿಗೆ ಬರುವ ಹಾಗಾಯಿತು.

ನಾನು ಹೇಳಹೊರಟ ವಿಮಾನ ಅಷ್ಟು ದೊಡ್ಡದಲ್ಲ. ಎರಡೋ ನಾಲ್ಕೋ ಸೀಟು, ಮುಂದೆ ಒಂದು ಫ್ಯಾನು, ಕೆಳಗೆ ಮೂರು ಚಕ್ರ. ಪೈಲಟ್ ಆಗುವ ಮಕ್ಕಳು ಮೊದಲು ಹತ್ತುವುದು ಇಂಥದ್ದನ್ನೇ. ಕನ್ನಡನಾಡಿಗೂ ಇಂಥ ವಿಮಾನಗಳಿಗೂ ಹಳೆಯ ನಂಟು. 1951ರ ಆಗಸ್ಟಿನಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ಹಾರಿತು. ಎನ್‌ಎಎಲ್ ರೂಪಿಸಿದ ಎರಡು ಸೀಟಿನ 'ಹಂಸ' 1993ರಲ್ಲಿ ಮೊದಲು ಹಾರಿತು, ಅದರ ಹೊಸ ರೂಪ 'ಹಂಸ-ಎನ್‌ಜಿ' 2021ರ ಸೆಪ್ಟೆಂಬರ್ 3ರಂದು. ಅವೆಲ್ಲಕ್ಕಿಂತ ಮೊದಲು, ಜಕ್ಕೂರಿನ ಸರ್ಕಾರಿ ಹಾರಾಟ ತರಬೇತಿ ಶಾಲೆಯಿಂದ 1949ರಲ್ಲಿ ತರಬೇತಿ ಮುಗಿಸಿ ಹೊರಬಂದವರು ಉಷಾ ಸುಂದರಂ, ಸ್ವತಂತ್ರ ಭಾರತದ ಮೊದಲ ಮಹಿಳಾ ಪೈಲಟ್. 1952ರಲ್ಲಿ ಪತಿ ವಿ. ಸುಂದರಂ ಅವರ ಜೊತೆ ಇಂಗ್ಲೆಂಡಿನಿಂದ ಮುಂಬೈಗೆ ಡವ್ ಎಂಬ ಚಿಕ್ಕ ವಿಮಾನವನ್ನು 27 ಗಂಟೆಯಲ್ಲಿ ತಂದು ದಾಖಲೆ ಮಾಡಿದರು. ನಮ್ಮಲ್ಲಿ ಎಷ್ಟು ಜನರಿಗೆ ಅವರ ಹೆಸರು ಗೊತ್ತಿತ್ತು? ನನಗೂ ಕೆಲಸಕ್ಕೆ ಸೇರಿದ ಮೇಲೆಯೇ ಗೊತ್ತಾದದ್ದು.

ಈಗ ಟೈರಿಗೆ ಬರೋಣ.

ಮನೆಯ ಬಾಗಿಲ ಹೊರಗೆ ಬಿಟ್ಟಿರುವ ಚಪ್ಪಲಿಗಳನ್ನು ಒಮ್ಮೆ ತಿರುಗಿಸಿ ನೋಡಿ. ಒಬ್ಬೊಬ್ಬರದು ಒಂದೊಂದು ಕಡೆ ಸವೆದಿರುತ್ತದೆ. ಹಿಮ್ಮಡಿಯ ಹೊರ ಅಂಚು ಸವೆದದ್ದು ಯಾರದು, ಎಡಗಾಲಿನದು ಮಾತ್ರ ಸವೆದದ್ದು ಯಾರದು ಎಂದು ಮನೆಯವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಮಂಡಿನೋವಿನವರು ಒಂದು ಕಾಲಿನ ಮೇಲೆ ಭಾರ ಬಿಟ್ಟು ನಡೆದರೆ ಚಪ್ಪಲಿ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಹೊಸ ಚಪ್ಪಲಿ ತಂದುಕೊಟ್ಟರೆ ಮಂಡಿ ವಾಸಿಯಾಗುವುದಿಲ್ಲ, ಅಲ್ಲವೇ? ವಿಮಾನದ ಟೈರೂ ಅಷ್ಟೆ.

ವಿಮಾನ ಇಳಿಯುವ ಕ್ಷಣದಲ್ಲಿ ಅದರ ಟೈರು ತಿರುಗುತ್ತಿರುವುದಿಲ್ಲ, ಸುಮ್ಮನೆ ಜೋತಾಡುತ್ತಿರುತ್ತದೆ. ಅದರ ಕೆಳಗಿನ ರನ್‌ವೇ ಮಾತ್ರ ಗಂಟೆಗೆ ಸುಮಾರು ನೂರು ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಓಡುತ್ತಿರುತ್ತದೆ. ಮುಟ್ಟಿದ ತಕ್ಷಣ ಟೈರು ಅಷ್ಟು ವೇಗಕ್ಕೆ ತಿರುಗಬೇಕು. ಆ ಎಳೆದಾಟದಲ್ಲಿ ಪ್ರತಿ ಸಲವೂ ಒಂದಿಷ್ಟು ರಬ್ಬರು ರನ್‌ವೇ ಮೇಲೆ ಉಳಿಯುತ್ತದೆ. ಸವೆಯುವುದು ಟೈರಿನ ಧರ್ಮ. ನಾವು ನೋಡಬೇಕಾದದ್ದು ಎಲ್ಲಿ ಸವೆದಿದೆ ಎನ್ನುವುದನ್ನು. ಗಾಳಿ ಕಡಿಮೆಯಿದ್ದರೆ ಟೈರಿನ ಎರಡೂ ಅಂಚು ಸವೆಯುತ್ತವೆ, ಹೆಚ್ಚಿದ್ದರೆ ನಟ್ಟನಡುವೆ. ಒಂದೇ ಜಾಗದಲ್ಲಿ ದೋಸೆಯಷ್ಟು ಚಪ್ಪಟೆ ಮಚ್ಚೆ ಬಿದ್ದಿದ್ದರೆ ಚಕ್ರ ತಿರುಗದೆ ಉಜ್ಜಿಕೊಂಡು ಹೋಗಿದೆ ಎಂದರ್ಥ. ಇದು ತರಬೇತಿ ಶಾಲೆಗಳಲ್ಲಿ ಬಹಳ. ಈ ವಿಮಾನಗಳಲ್ಲಿ ಕಾಲಿನ ಪೆಡಲ್‌ಗಳ ಮೇಲ್ತುದಿಯಲ್ಲೇ ಬ್ರೇಕು ಇರುತ್ತದೆ. ಹೊಸಬರು ಗಾಬರಿಯಲ್ಲಿ ಇಡೀ ಪಾದವನ್ನು ಪೆಡಲ್ ಮೇಲಿಟ್ಟು ಒತ್ತಿದರೆ ಚಕ್ರ ನೆಲ ಮುಟ್ಟುವ ಮೊದಲೇ ಬ್ರೇಕು ಹಿಡಿದಿರುತ್ತದೆ. "ಹಿಮ್ಮಡಿ ನೆಲದ ಮೇಲಿರಲಿ" ಎಂದು ಶಿಕ್ಷಕರು ದಿನಕ್ಕೆ ಹತ್ತು ಸಲ ಹೇಳುವುದು ಇದಕ್ಕೇ.

ಇನ್ನೊಂದು ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಟೈರಿನ ಮೇಲೆ ಅಡ್ಡಲಾಗಿ ಅಂಗೈ ಆಡಿಸಬೇಕು. ಬೆಕ್ಕಿನ ಬೆನ್ನು ಸವರಿದ ಹಾಗೆ ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ತರಕು ಎನಿಸಿದರೆ ಚಕ್ರ ನೇರ ನೋಡುತ್ತಿಲ್ಲ, ಓರೆಯಾಗಿ ಉಜ್ಜಿಕೊಂಡು ಓಡುತ್ತಿದೆ. ಎರಡೂ ಚಕ್ರಗಳ ಮುಂಭಾಗ ಒಳಗೆ ತಿರುಗಿದ್ದರೆ ಟೋ-ಇನ್, ಹೊರಗೆ ತಿರುಗಿದ್ದರೆ ಟೋ-ಔಟ್. ಚಕ್ರ ನೆಟ್ಟಗೆ ನಿಲ್ಲದೆ ಒಳಗೋ ಹೊರಗೋ ವಾಲಿದ್ದರೆ ಅದು ಕ್ಯಾಂಬರ್. ಕಾರಿನ ಟೈರಿನಂಗಡಿಯಲ್ಲಿ ಈ ಹೆಸರುಗಳನ್ನು ಕೇಳಿರುತ್ತೀರಿ. ಅಲ್ಲಿ ಬಿಲ್ ಮಾಡುವುದಕ್ಕೆ, ಇಲ್ಲಿ ನಿಜಕ್ಕೂ ಬೇಕಾಗಿ. (ತಮಾಷೆಗೆ ಹೇಳಿದೆ. ಕಾರಿಗೂ ಬೇಕು.)

ಟೋ ಎಂದಾಗ ಎಚ್‌ಟಿ-2 ನೆನಪಾಗುತ್ತದೆ. ಅದಕ್ಕೆ ಮೂಗಿನ ಕೆಳಗಲ್ಲ, ಬಾಲದ ಕೆಳಗೆ ಮೂರನೆಯ ಚಕ್ರ. ಅಂಥ ವಿಮಾನ ಇಳಿದು ಓಡುವಾಗ ಎಡಕ್ಕೆ ಸ್ವಲ್ಪ ತಿರುಗಿತು ಎನ್ನಿ, ಭಾರವೆಲ್ಲ ಬಲ ಚಕ್ರದ ಮೇಲೆ ಬೀಳುತ್ತದೆ. ಆ ಬಲ ಚಕ್ರ ಟೋ-ಇನ್ ಆಗಿದ್ದರೆ, ಅಂದರೆ ಅದರ ಮುಖವೂ ಎಡಕ್ಕೇ ಇದ್ದರೆ, ವಿಮಾನವನ್ನು ಇನ್ನಷ್ಟು ಎಡಕ್ಕೆ ಎಳೆಯುತ್ತದೆ. ನೋಡನೋಡುತ್ತ ಗಿರಕಿ. ಅರ್ಧ ಡಿಗ್ರಿಯ ಓರೆಗೆ ಇಷ್ಟು ಮಹತ್ವ ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಇದು.

ಗಾಳಿಯ ಒತ್ತಡದ ಬಗ್ಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ, ನಮ್ಮ ಎನ್‌ಸಿಆರ್‌ಗೇ ಹೇಳಿ ಮಾಡಿಸಿದ್ದು. ನಾಲ್ಕು ಸೀಟಿನ ಸೆಸ್ನಾ 172 ವಿಮಾನದ ಹಿಂದಿನ ಟೈರುಗಳಿಗೆ ಸಾಮಾನ್ಯವಾಗಿ 29 ಪಿಎಸ್‌ಐ ಗಾಳಿ, ನಿಮ್ಮ ಕಾರಿಗಿಂತ ಕಡಿಮೆ. ದೊಡ್ಡ ಪ್ರಯಾಣಿಕ ವಿಮಾನದ್ದು 200ರ ಆಸುಪಾಸು. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಸೆಕೆಯಲ್ಲಿ 29 ತುಂಬಿಸಿ, ಜನವರಿಯ ಬೆಳಿಗ್ಗೆ 6 ಡಿಗ್ರಿ ಚಳಿಯಲ್ಲಿ ಅಳೆಯಿರಿ. ಸೂಜಿಮೊನೆಯಷ್ಟೂ ಸೋರಿಕೆಯಿಲ್ಲದೆ ಅದು 24ಕ್ಕೆ ಇಳಿದಿರುತ್ತದೆ. ಒದ್ದೆ ರನ್‌ವೇಯಲ್ಲಿ ಟೈರು ನೀರಿನ ಮೇಲೆ ತೇಲತೊಡಗುವ ವೇಗಕ್ಕೂ ಒಂದು ಸೂತ್ರವಿದೆ: ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ನಾಟ್ಸ್‌ನಲ್ಲಿ ಉತ್ತರ. 29ಕ್ಕೆ ಗಂಟೆಗೆ ಸುಮಾರು 90 ಕಿಲೋಮೀಟರ್, 24ಕ್ಕೆ ಸುಮಾರು 82. ಅಂದರೆ ಚಳಿಗಾಲದ ಮಳೆಯಲ್ಲಿ ಇಳಿದ ವಿಮಾನ ಅಷ್ಟು ಹೆಚ್ಚು ಹೊತ್ತು ಬ್ರೇಕಿಗೆ ಸಿಗದೆ ಜಾರುತ್ತದೆ. ಟೈರಿನಂಗಡಿಗೆ ಹೋಗಿ ಹೊಸ ಟೈರು ಕೊಳ್ಳುವ ಮೊದಲು ಗೇಜು ಹಿಡಿದು ನೋಡುವುದು ಒಳ್ಳೆಯದು. ಬೆಳಿಗ್ಗೆ, ಗಾಡಿ ತಣ್ಣಗಿರುವಾಗ.

ಇನ್ನು ನಾನು ಕಣ್ಣಾರೆ ನೋಡಿದ ಪ್ರಸಂಗ. ಕೆಲವು ವರ್ಷಗಳ ಹಿಂದೆ ಉತ್ತರ ಭಾರತದ ಒಂದು ಹಾರಾಟ ತರಬೇತಿ ಶಾಲೆಯ ದಾಖಲೆಗಳನ್ನು ನಮ್ಮ ಸಾಫ್ಟ್‌ವೇರಿಗೆ ಏರಿಸುವ ಕೆಲಸವಿತ್ತು. ಶಾಲೆಯ ಹೆಸರು ಬೇಡ. ಅಲ್ಲಿನ ಒಂದು ಸೆಸ್ನಾ ವಿಮಾನದಲ್ಲಿ ಬಲಗಡೆ ಒಂದು ಟೈರು ಬದಲಾಗುವಷ್ಟರಲ್ಲಿ ಎಡಗಡೆ ಮೂರು ಬದಲಾಗಿದ್ದವು. ಪ್ರತಿ ಸಲವೂ ದಾಖಲೆಯಲ್ಲಿ ಒಂದೇ ಸಾಲು: 'ಟೈರು ಸವೆದಿದೆ, ಬದಲಿಸಲಾಗಿದೆ.' ಅಲ್ಲಿ ಯಾರಿಗೂ ಅದು ಕಂಡಿರಲಿಲ್ಲ ಎನ್ನುವುದಕ್ಕೂ ಕಾರಣವಿದೆ. ಅವರು ಟೈರಿನ ಆಯಸ್ಸನ್ನು ಹಾರಿದ ಗಂಟೆಗಳಲ್ಲಿ ಲೆಕ್ಕ ಇಡುತ್ತಿದ್ದರು. ಟೈರಿಗೆ ಗಂಟೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಇಳಿತ. ದೂರದ ಊರಿಗೆ ಹೋಗಿಬಂದರೆ ಎರಡು ಮೂರು ಗಂಟೆಗೆ ಒಂದೆರಡು ಇಳಿತ. ಅದೇ ರನ್‌ವೇ ಸುತ್ತುತ್ತ ಏರುವುದು ಇಳಿಯುವುದನ್ನು ಅಭ್ಯಾಸ ಮಾಡಿದರೆ ಒಂದೇ ಗಂಟೆಗೆ ಆರೇಳು ಇಳಿತ. ಗಂಟೆ ಲೆಕ್ಕ ಬಿಟ್ಟು ಇಳಿತಗಳ ಲೆಕ್ಕದಲ್ಲಿ ಗೆರೆ ಎಳೆದಾಗ ಬಲ ಟೈರಿನ ಆಯಸ್ಸು ಸಮನಾಗಿತ್ತು. ಎಡ ಟೈರಿನದು ಒಂದು ತಿಂಗಳಿನಿಂದ ಈಚೆಗೆ ಧಡಕ್ಕನೆ ಕುಸಿದಿತ್ತು. ನಿಧಾನವಾಗಿ ಇಳಿದಿದ್ದರೆ ಏನೋ ಹಳೆಯದಾಗುತ್ತಿದೆ ಎನ್ನಬಹುದಿತ್ತು. ಹೀಗೆ ಮೆಟ್ಟಿಲಿನಂತೆ ಕುಸಿದರೆ ಆ ದಿನಗಳಲ್ಲಿ ಏನೋ ನಡೆದಿದೆ.

ಅಲ್ಲಿನ ಮುಖ್ಯ ಎಂಜಿನಿಯರ್ ನಿವೃತ್ತಿಯ ಹತ್ತಿರದವರು. ಎಲ್ಲರೂ ಅವರನ್ನು ಉಸ್ತಾದ್‌ಜಿ ಎನ್ನುತ್ತಿದ್ದರು. ಗ್ರಾಫನ್ನು ಅರ್ಧ ನಿಮಿಷ ನೋಡಿದರು, ಲ್ಯಾಪ್‌ಟಾಪ್ ಮುಚ್ಚಿ, "ಬಾ ಬೇಟಾ, ಟೈರನ್ನೇ ಕೇಳೋಣ" ಎಂದು ಎದ್ದರು.

ಎರಡೂ ಟೈರುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆವು. ಬಲಗಡೆಯದು ಹೊರ ಅಂಚಿನಲ್ಲಿ ತುಸು ಹೆಚ್ಚು ಸವೆದಿತ್ತು. ಅದು ಸಹಜ. ಈ ವಿಮಾನಗಳ ಕಾಲು ಬಾಗಿ ಸೆಟೆಯುವ ಉಕ್ಕಿನದು. ಗಾಳಿಯಲ್ಲಿದ್ದಾಗ ಕಾಲುಗಳು ಒಳಕ್ಕೆ ಜೋತಿರುತ್ತವೆ, ಆದ್ದರಿಂದ ಹೊರ ಅಂಚು ಮೊದಲು ನೆಲ ಮುಟ್ಟುತ್ತದೆ. ಭಾರ ಬಿದ್ದಂತೆ ಕಾಲು ಅಗಲವಾಗಿ ಚಕ್ರ ನೆಟ್ಟಗಾಗುತ್ತದೆ. ಆದರೆ ಎಡ ಟೈರು ಸವೆದದ್ದು ಒಳ ಅಂಚಿನಲ್ಲಿ! ಒಂದೇ ವಿಮಾನ, ಒಂದೇ ಭಾರ, ಒಂದೇ ರನ್‌ವೇ, ಎರಡು ಟೈರುಗಳು ಎದುರುಬದುರು ಸಾಕ್ಷಿ ಹೇಳುತ್ತಿದ್ದವು. ಜೊತೆಗೆ ಎಡ ರೆಕ್ಕೆ ಬಲ ರೆಕ್ಕೆಗಿಂತ ಕೊಂಚ ತಗ್ಗಿತ್ತು.

ಉಸ್ತಾದ್‌ಜಿ ಆತುರ ಪಡಲಿಲ್ಲ. ರೆಕ್ಕೆಯೊಳಗೇ ಇಂಧನದ ಟ್ಯಾಂಕು ಇರುವುದರಿಂದ ಒಂದು ಕಡೆ ಇಂಧನ ಹೆಚ್ಚಿದ್ದರೂ ವಿಮಾನ ವಾಲುತ್ತದೆ. ಎರಡನ್ನೂ ಸಮ ಮಾಡಿಸಿದರು. ಎರಡು ಟೈರುಗಳ ಗಾಳಿಯನ್ನು ಒಂದೇ ಗೇಜಿನಲ್ಲಿ ಅಳೆಸಿದರು. ನೆಲ ಮಟ್ಟವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿಸಿದರು. ಇಷ್ಟಾದ ಮೇಲೂ ಎಡ ರೆಕ್ಕೆ ತಗ್ಗೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು ಎನ್ನುವ ಪಾಠ ನಮ್ಮ ಐಟಿಯಲ್ಲೂ ಇದೆ. ಪಾಲಿಸುವವರು ಕಡಿಮೆ.

ಆಮೇಲೆ ಅಲೈನ್‌ಮೆಂಟ್ ಅಳತೆ. ಲೇಸರ್ ಗೀಸರ್ ಏನೂ ಇಲ್ಲ. ಪ್ರತಿ ಚಕ್ರದ ಕೆಳಗೆ ಎರಡೆರಡು ಅಲ್ಯೂಮಿನಿಯಂ ತಗಡು, ನಡುವೆ ಧಾರಾಳ ಗ್ರೀಸು. ಚಕ್ರ ನೆಲಕ್ಕೆ ಅಂಟಿಕೊಂಡು ಬಿಗಿಯಾಗಿ ನಿಂತಿದ್ದರೆ ಸುಳ್ಳು ಅಳತೆ ಬರುತ್ತದೆ. ಗ್ರೀಸಿನ ಮೇಲೆ ಜಾರಿ ತನ್ನ ಸಹಜ ಭಂಗಿಗೆ ಬರಬೇಕು. ರೆಕ್ಕೆ ಹಿಡಿದು ವಿಮಾನವನ್ನು ನಾಲ್ಕೈದು ಸಲ ಅಲುಗಾಡಿಸಿದರು. ಎರಡೂ ಟೈರುಗಳ ಮುಂದೆ ಅಡ್ಡಲಾಗಿ ನೇರವಾದ ಪಟ್ಟಿ, ಅದಕ್ಕೆ ಬಡಗಿಯ ಮೂಲೆಮಟ್ಟ. ಚಕ್ರದ ಅಂಚು ಮುಂದೆ ಎಷ್ಟು ದೂರ, ಹಿಂದೆ ಎಷ್ಟು ದೂರ ಎಂದು ಅಳೆದರೆ ಟೋ ಸಿಕ್ಕಿತು. ಕೋನಮಾಪಕವನ್ನು ಚಕ್ರಕ್ಕೆ ನೆಟ್ಟಗೆ ಹಿಡಿದರೆ ಕ್ಯಾಂಬರ್. ಇಡೀ ಕೆಲಸಕ್ಕೆ ಬೇಕಾದ ಸಾಮಾನು ಮಕ್ಕಳ ಶಾಲೆಯ ಕಂಪಾಸ್ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಬಲ ಚಕ್ರ ಕೈಪಿಡಿ ಹೇಳಿದ ಮಿತಿಯಲ್ಲಿತ್ತು. ಎಡ ಚಕ್ರ ಮಿತಿ ದಾಟಿ ವಾಲಿತ್ತು, ಮೇಲ್ಭಾಗ ಒಳಕ್ಕೆ, ತಳ ಹೊರಕ್ಕೆ.

ಇಲ್ಲಿಗೆ ಸಮಸ್ಯೆ ಸಿಕ್ಕಿತು, ಪರಿಹಾರವೂ ಸುಲಭವಿತ್ತು. ಕಾಲಿಗೂ ಆಕ್ಸಲ್ಲಿಗೂ ನಡುವೆ ಶಿಮ್ ಎಂಬ ಬಿಲ್ಲೆಗಳನ್ನು ಕೂರಿಸುತ್ತಾರೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಸರಿಯಾದ ಶಿಮ್ ಸರಿಯಾದ ದಿಕ್ಕಿಗೆ ಹಾಕಿದರೆ ಚಕ್ರ ನೆಟ್ಟಗಾಗುತ್ತದೆ. ಅರ್ಧ ದಿನದ ಕೆಲಸ. ಸಂಜೆಗೆ ವಿಮಾನ ಮತ್ತೆ ಹಾರುತ್ತದೆ, ಟೈರು ಸಮನಾಗಿ ಸವೆಯುತ್ತದೆ, ದಾಖಲೆಯೂ ಚೊಕ್ಕ. ಕಚೇರಿಯವರಿಗೆ ಬೇಕಾಗಿದ್ದೂ ಅದೇ. ಅವರನ್ನು ದೂರುವಂತಿಲ್ಲ. ವೃತ್ತಿಪರ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಬೇಕು. ಹೊರಗೆ ಬೆಂಚಿನ ಮೇಲೆ ತಮ್ಮ ಸರದಿಗೆ ಕಾಯುವ ಮಕ್ಕಳು, ಮನೆ ಅಡವಿಟ್ಟು ಸಾಲ ತೆಗೆದ ಅಪ್ಪಂದಿರು. ಒಂದು ವಿಮಾನ ನಿಂತರೆ ಎಲ್ಲರ ಲೆಕ್ಕವೂ ತಪ್ಪುತ್ತದೆ.

ಕಚೇರಿಯ ಒಬ್ಬರು ಬಂದು, "ಶಿಮ್ ಹಾಕಿ ಬಿಡಿ ಉಸ್ತಾದ್‌ಜಿ, ಉಳಿದದ್ದು ಮುಂದಿನ ಸರ್ವಿಸಿನಲ್ಲಿ ನೋಡೋಣ" ಎಂದರು. ಉಸ್ತಾದ್‌ಜಿ ಗ್ರೀಸಿನ ಕೈ ಒರೆಸಿಕೊಳ್ಳುತ್ತ, "ಹೋದ ವರ್ಷ ಇದೇ ಶಿಮ್ ಇದ್ದಾಗ ಚಕ್ರ ನೆಟ್ಟಗಿತ್ತು. ಶಿಮ್ ತಾನಾಗಿ ತೆಳ್ಳಗಾಗುತ್ತದಾ ಸಾಹೇಬರೇ? ಬೇರೇನೋ ಜರುಗಿದೆ. ಅದು ಸಿಗುವ ತನಕ ನನ್ನ ಸಹಿ ಇಲ್ಲ" ಎಂದರು. ದನಿ ಏರಿಸಲಿಲ್ಲ.

ನಮ್ಮ ಕಡೆ 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಎನ್ನುತ್ತಾರೆ. ಇಲ್ಲಿ ಎಮ್ಮೆಗೆ ಬರೆ ಹಾಕಿದರೆ ಎತ್ತಿನ ಜ್ವರ ಕಾಣದಂತಾಗುತ್ತಿತ್ತು, ಅದು ಇನ್ನೂ ಅಪಾಯ. ಶಿಮ್ ಹಾಕಿದ ಮೇಲೆ ಟೈರು ಸಮನಾಗಿ ಸವೆಯುತ್ತಿತ್ತು, ಏನೋ ತಪ್ಪಿದೆ ಎಂದು ಹೇಳುತ್ತಿದ್ದ ಒಂದೇ ಒಂದು ಸಾಕ್ಷಿಯ ಬಾಯಿ ಮುಚ್ಚುತ್ತಿತ್ತು.

ಮರುದಿನ ಒಳಗಿನ ನೆಲಹಾಸು, ಮುಚ್ಚಳ ಎಲ್ಲ ಬಿಚ್ಚಿದರು. ಉಕ್ಕಿನ ಕಾಲು ವಿಮಾನದ ಹೊಟ್ಟೆಯೊಳಗೆ ಹೋಗಿ ಎರಡು ಕಡೆ ಆಸರೆ ಪಡೆಯುತ್ತದೆ. ಟಾರ್ಚು ಬಿಟ್ಟು ನೋಡಿದರೆ ಎಡಗಡೆಯ ಹೊರ ಆಸರೆಯ ಸುತ್ತ ನಾಲ್ಕಾರು ರಿವೆಟ್ಟುಗಳಿಂದ ಕಪ್ಪು ಗೆರೆ ಇಳಿದಿತ್ತು, ಕಾಡಿಗೆ ಕರಗಿ ಇಳಿದ ಹಾಗೆ. ರಿವೆಟ್ಟು ಸಡಿಲವಾಗಿ ಒಳಗೊಳಗೇ ಉಜ್ಜಿದಾಗ ಬರುವ ಲೋಹದ ಪುಡಿ ಅದು. ಬಿರುಕು ತೋರಿಸುವ ಬಣ್ಣದ ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರು. ಹತ್ತು ನಿಮಿಷದಲ್ಲಿ ಬಿಳುಪಿನ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ಬಿರುಕು. ಎಲ್ಲರೂ ಸುಮ್ಮನಾದರು. ಕಚೇರಿಯವರೂ ಬಂದು ನೋಡಿ ಏನೂ ಹೇಳದೆ ಹೋದರು. ಮುಂದೊಂದು ದಿನ ಯಾವುದೋ ಗಟ್ಟಿ ಇಳಿತದಲ್ಲಿ ಆ ಕಾಲು ಮುರಿದು ಬೀಳಬಹುದಿತ್ತು. ಒಳಗೆ ಹತ್ತೊಂಬತ್ತು ಇಪ್ಪತ್ತರ ಮಗು ಒಂಟಿಯಾಗಿ ಹಾರುತ್ತಿದ್ದಿರಬಹುದಿತ್ತು.

ಟೈರಿಗೂ ಸಾವಿಗೂ ಇಷ್ಟು ಹತ್ತಿರದ ನಂಟಿದೆಯೇ ಎನ್ನುವವರಿಗೆ ಜೆಡ್ಡಾದ ಘಟನೆ ಹೇಳಬೇಕು. 1991ರ ಜುಲೈ 11. ಹಜ್ ಮುಗಿಸಿದ ನೈಜೀರಿಯಾದ ಯಾತ್ರಿಕರನ್ನು ಊರಿಗೆ ಕರೆದೊಯ್ಯಲು ಕೆನಡಾದ ಕಂಪನಿಯೊಂದರ ಡಿಸಿ-8 ವಿಮಾನ ಹೊರಟಿತ್ತು. ಟೈರುಗಳಲ್ಲಿ ಗಾಳಿ ಕಡಿಮೆಯಿದೆ ಎನ್ನುವುದು ಮೆಕ್ಯಾನಿಕ್‌ಗಳಿಗೆ ಗೊತ್ತಿತ್ತು. ತುಂಬಿಸಲು ನೈಟ್ರೋಜನ್ ಅಲ್ಲೇ ಕೈಗೆ ಸಿಗಲಿಲ್ಲ, ತಡವಾಗುತ್ತದೆ ಎಂದು ಹಾಗೆಯೇ ಬಿಟ್ಟರು. ಓಡುವಾಗ ಗಾಳಿ ಕಡಿಮೆಯಿದ್ದ ಟೈರಿನ ಭಾರವೂ ಪಕ್ಕದ ಟೈರಿನ ಮೇಲೆ ಬಿದ್ದು ಅದು ಸಿಡಿಯಿತು, ಆಮೇಲೆ ಇದೂ ಹೋಯಿತು. ಉಜ್ಜಾಟದ ಬಿಸಿಗೆ ಹೊತ್ತಿಕೊಂಡ ಬೆಂಕಿ ಚಕ್ರಗಳ ಜೊತೆಯಲ್ಲೇ ವಿಮಾನದ ಹೊಟ್ಟೆಯೊಳಗೆ ಹೋಯಿತು. ಸತ್ತವರು 261. ತನಿಖೆಯಲ್ಲಿ ಇನ್ನೊಂದು ವಿಷಯ ಬಯಲಾಯಿತು, ದಾಖಲೆಗಳ ಕೆಲಸದವಳಾದ ನನ್ನನ್ನು ಕಾಡುವುದು ಅದೇ: ಟೈರಿನ ಒತ್ತಡದ ಅಂಕಿಗಳನ್ನು ಕಾಗದದ ಮೇಲೆ ತಿದ್ದಿದ್ದರು. ಗಾಳಿ ತುಂಬಿಸಲಿಲ್ಲ, ಅಂಕಿ ತುಂಬಿಸಿದರು.

ನಮ್ಮ ವಿಮಾನಕ್ಕೆ ವಾಪಸು ಬರುತ್ತೇನೆ. ಬಿರುಕು ಸಿಕ್ಕಿತು. ಬಿರುಕು ಬರುವಂಥ ಇಳಿತ ಯಾವತ್ತು ಆಯಿತು? ವಿಮಾನ ಗಟ್ಟಿಯಾಗಿ ನೆಲಕ್ಕೆ ಬಡಿದರೆ ಹಾರಿಸಿದವರು ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ಬರೆದರೆ ಎಂಜಿನಿಯರುಗಳು ಕಾಲು, ಆಸರೆ, ರಿವೆಟ್ಟು ಎಲ್ಲ ಪರಿಶೀಲಿಸಿಯೇ ಮತ್ತೆ ಬಿಡಬೇಕು. ಆ ಇಡೀ ತಿಂಗಳು ಲಾಗ್‌ಬುಕ್ಕಿನಲ್ಲಿ ಅಂಥ ಒಂದು ಸಾಲೂ ಇರಲಿಲ್ಲ. ನೂರಾರು ಇಳಿತ, ಎಲ್ಲವೂ 'ಸಾಮಾನ್ಯ'.

ಆ ವಾರಗಳಲ್ಲಿ ಆ ವಿಮಾನ ಹಾರಿಸಿದವರಲ್ಲಿ ಇಬ್ಬರು ಹುಡುಗಿಯರೂ ಇದ್ದರು. ಶೆಡ್ಡಿನ ಚಹಾದ ಹೊತ್ತಿನಲ್ಲಿ ಮಾತು ಎತ್ತ ತಿರುಗಿತು ಎಂದು ನಿಮಗೆ ಹೇಳಬೇಕಾಗಿಲ್ಲ. "ಮೇಡಂಗಳೇ ಇರಬೇಕು." ಯಾವ ಆಧಾರ? ಯಾವುದೂ ಇಲ್ಲ. ನಮ್ಮ ದೇಶದ ಪೈಲಟ್‌ಗಳಲ್ಲಿ ಮಹಿಳೆಯರು ಶೇ. 15ರ ಹತ್ತಿರ ಇದ್ದಾರೆ, ಜಗತ್ತಿನ ಸರಾಸರಿ ಶೇ. 5ರ ಆಸುಪಾಸು. ಈ ಅಂಕಿಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕು ಕೂಡ. ಆದರೆ ಹುಡುಗನೊಬ್ಬ ಗಟ್ಟಿಯಾಗಿ ಇಳಿಸಿದರೆ ಅದು ಅವನ ಆ ದಿನದ ಇಳಿತ. ಹುಡುಗಿ ಇಳಿಸಿದರೆ ಅದು ಎಲ್ಲ ಹುಡುಗಿಯರ ಇಳಿತವಾಗಿಬಿಡುತ್ತದೆ. ಹೀಗಿರುವಾಗ ಯಾವ ಹುಡುಗಿ ತಾನಾಗಿ ಹೋಗಿ 'ಇವತ್ತು ನಾನು ಬಡಿದೆ' ಎಂದು ಬರೆಯುತ್ತಾಳೆ?

ಉಸ್ತಾದ್‌ಜಿ ಆ ಮಾತನ್ನು ಬೆಳೆಯಲು ಬಿಡಲಿಲ್ಲ. ಎಲ್ಲ ವಿದ್ಯಾರ್ಥಿಗಳನ್ನೂ ಶೆಡ್ಡಿಗೆ ಕರೆಸಿ, ಬಿಳಿ ಪುಡಿಯ ಮೇಲಿನ ಕೆಂಪು ಗೆರೆಯನ್ನು ಒಬ್ಬೊಬ್ಬರಿಗೂ ತೋರಿಸಿದರು. ಆಮೇಲೆ, "ಹೆಸರು ಬೇಡ. ತಾರೀಖು ಮಾತ್ರ ಬೇಕು. ಚೀಟಿಯಲ್ಲಿ ಬರೆದು ಈ ಡಬ್ಬಿಗೆ ಹಾಕಿ" ಎಂದು ಬಿಸ್ಕತ್ತಿನ ಖಾಲಿ ಡಬ್ಬಿಯೊಂದನ್ನು ಇಟ್ಟು ಹೊರಗೆ ಹೋದರು. ಸಂಜೆ ಡಬ್ಬಿಯಲ್ಲಿ ಮೂರು ಚೀಟಿಗಳಿದ್ದವು. ಮೂರು ಬೇರೆ ಬೇರೆ ತಾರೀಖು. ಅಂದರೆ ಒಂದಲ್ಲ, ಮೂರು ಗಟ್ಟಿ ಇಳಿತಗಳನ್ನು ಆ ಎಡಗಾಲು ತಿಂದಿತ್ತು. ಬರೆದವರಲ್ಲಿ ಹುಡುಗಿಯರಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ದಾಖಲೆ ನೋಡಿ ಕಂಡುಹಿಡಿಯಬಹುದಿತ್ತು, ತಾರೀಖು ಹಾಕಿ ಹುಡುಕಿದರೆ ಹೆಸರು ಬರುತ್ತದೆ. ಉಸ್ತಾದ್‌ಜಿ ನನ್ನತ್ತ ತಿರುಗಿ, "ಹುಡುಕಬೇಡ" ಎಂದರು. ನಾನು ಹುಡುಕಲಿಲ್ಲ.

ಇದು ಒಬ್ಬ ಒಳ್ಳೆಯ ಮನುಷ್ಯನ ಔದಾರ್ಯ ಮಾತ್ರ ಅಂದುಕೊಳ್ಳಬೇಡಿ. ವಿಮಾನರಂಗ ಇದನ್ನು ಜೀವ ತೆತ್ತು ಕಲಿತಿದೆ. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಸಮೀಪದ ಗುಡ್ಡಕ್ಕೆ ಟಿಡಬ್ಲ್ಯುಎ 514 ವಿಮಾನ ಬಡಿದು ಒಳಗಿದ್ದ 92 ಜನರೂ ತೀರಿಕೊಂಡರು. ಆರು ವಾರ ಮೊದಲು ಬೇರೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ, ಅದೇ ರೀತಿ ನಕ್ಷೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡು, ಸ್ವಲ್ಪದರಲ್ಲಿ ಪಾರಾಗಿತ್ತು. ಆ ಪೈಲಟ್‌ಗಳು ತಮ್ಮ ಕಂಪನಿಗೆ ತಿಳಿಸಿದ್ದರು, ಕಂಪನಿ ತನ್ನವರಿಗೆ ಎಚ್ಚರಿಕೆಯನ್ನೂ ಕೊಟ್ಟಿತ್ತು. ಆದರೆ ಆ ಮಾತು ಟಿಡಬ್ಲ್ಯುಎಗೆ ತಲುಪಲು ದಾರಿಯೇ ಇರಲಿಲ್ಲ. ಇದಾದ ಮೇಲೆ 1976ರಲ್ಲಿ ನಾಸಾ ಸಂಸ್ಥೆಯ ಕೈಯಲ್ಲಿ ಒಂದು ವ್ಯವಸ್ಥೆ ಶುರುವಾಯಿತು. ಪೈಲಟ್, ಮೆಕ್ಯಾನಿಕ್, ಯಾರೇ ಆಗಲಿ ತಮ್ಮಿಂದಾದ ತಪ್ಪನ್ನೂ ಕಂಡ ಅಪಾಯವನ್ನೂ ಬರೆದು ಕಳಿಸಬಹುದು. ಹೆಸರು ಕತ್ತರಿಸಿ, ವಿಷಯ ಮಾತ್ರ ಎಲ್ಲರಿಗೂ ಹಂಚುತ್ತಾರೆ. ದಂಡ ಹಾಕುವ ಇಲಾಖೆಯ ಬದಲು ನಾಸಾ ಕೈಗೆ ಕೊಟ್ಟದ್ದು ಬೇಕೆಂದೇ. ಉಸ್ತಾದ್‌ಜಿಯ ಬಿಸ್ಕತ್ತಿನ ಡಬ್ಬಿ ಅದರ ದೇಸಿ ರೂಪ.

ಮೂಗಿನ ಚಕ್ರದ ಬಗ್ಗೆಯೂ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಮೂರು ಚಕ್ರದ ಕಥೆಯಲ್ಲಿ ಒಂದು ಬಿಟ್ಟಂತಾಗುತ್ತದೆ. ಮಾಲ್‌ನ ಟ್ರಾಲಿ ತಳ್ಳುವಾಗ ಒಂದು ಚಕ್ರ ಗಡಗಡ ಎಂದು ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳುತ್ತದಲ್ಲ, ಹಾಗೆಯೇ ವಿಮಾನದ ಮುಂದಿನ ಚಕ್ರವೂ ಹೊಡೆದುಕೊಳ್ಳುವುದುಂಟು. ಹಿಂದಿ, ಇಂಗ್ಲಿಷ್, ಕನ್ನಡ ಯಾವ ಶೆಡ್ಡಿನಲ್ಲಾದರೂ ಅದಕ್ಕೆ ಶಿಮ್ಮಿ ಎಂದೇ ಹೆಸರು. ಅದನ್ನು ತಡೆಯಲು ಡ್ಯಾಂಪರ್ ಎಂಬ ಚಿಕ್ಕ ಕೊಳವೆ ಇರುತ್ತದೆ. ಶಿಮ್ಮಿ ಬಂದ ಕೂಡಲೇ ಎಲ್ಲರ ಕೈ ಹೋಗುವುದು ಡ್ಯಾಂಪರಿಗೆ. ಹೊಸ ಡ್ಯಾಂಪರ್ ಹಾಕಿದರೆ ಕೆಲವು ವಾರ ಶಾಂತಿ, ಆಮೇಲೆ ಮತ್ತೆ ಅದೇ ರಾಗ. ಚಕ್ರದ ತೂಕ ಸಮನಿಲ್ಲದಿದ್ದದ್ದು, ಕೀಲುಗಳ ಬುಷ್ ಸವೆದದ್ದು, ಬೇರಿಂಗು ಸಡಿಲವಾದದ್ದು ಹಾಗೆಯೇ ಉಳಿದಿರುತ್ತವೆ, ಮತ್ತು ಹೊಸ ಡ್ಯಾಂಪರನ್ನೂ ತಿಂದು ಹಾಕುತ್ತವೆ. ಒಂದೇ ಬಿಡಿಭಾಗ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬದಲಾದರೆ ಪರದೆಯ ಮೇಲೆ ಹಳದಿ ಬಣ್ಣದ ಎಚ್ಚರಿಕೆ ಬರುವಂತೆ ನಾವು ಈಗ ಮಾಡಿದ್ದೇವೆ. ಜೊತೆಗೆ 'ಯಾಕೆ ಬದಲಿಸಿದಿರಿ' ಎಂಬ ಖಾನೆಯಲ್ಲಿ 'ಸವೆದಿದೆ' ಎಂದಷ್ಟೇ ಬರೆದರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಒಳ ಅಂಚೋ, ಹೊರ ಅಂಚೋ, ನಡುವೆಯೋ, ಮಚ್ಚೆಯೋ, ಅದನ್ನು ಆರಿಸಬೇಕು. ಮೊದಲ ತಿಂಗಳು ಎಲ್ಲ ಶಾಲೆಗಳ ಮೆಕ್ಯಾನಿಕ್‌ಗಳೂ ಫೋನು ಮಾಡಿ ಬೈದರು. ಒಂದು ಸಾಲು ಬರೆದು ಮುಗಿಸುತ್ತಿದ್ದ ಕೆಲಸಕ್ಕೆ ಈಗ ಬಗ್ಗಿ ಟೈರು ನೋಡಬೇಕು ಎಂದು.

ಆ ವಿಮಾನ ಐದು ವಾರಕ್ಕೂ ಹೆಚ್ಚು ಶೆಡ್ಡಿನಲ್ಲೇ ನಿಂತಿತು. ಆಸರೆ ಬದಲಾಯಿತು, ರಿವೆಟ್ಟುಗಳು ಬದಲಾದವು, ಕಾಲನ್ನೂ ಬಿಚ್ಚಿ ಪರೀಕ್ಷಿಸಿದರು. ಬೆಂಚಿನ ಮೇಲಿನ ಸರದಿ ಉದ್ದವಾಯಿತು. ಮಗಳ ಗಂಟೆಗಳು ಮುಂದೆ ಹೋಗುತ್ತಿವೆ ಎಂದು ಒಬ್ಬ ತಂದೆ ಬಂದು ಜಗಳವನ್ನೇ ಆಡಿದರು. ಅವರನ್ನೂ ಉಸ್ತಾದ್‌ಜಿ ಶೆಡ್ಡಿನೊಳಗೆ ಕರೆದುಕೊಂಡು ಹೋಗಿ, ಬಿಚ್ಚಿ ತೆಗೆದ ಹಳೆಯ ಆಸರೆಯನ್ನು ಕೈಗೆ ಕೊಟ್ಟರು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸ್ವಲ್ಪ ಹೊತ್ತು ಅಲ್ಲೇ ಕೂತು, ಒಂದು ಚಹಾ ಕುಡಿದು ಹೋದರು. ವಿಮಾನ ಮತ್ತೆ ಹಾರತೊಡಗಿದ ದಿನ ಮೊದಲು ಉಸ್ತಾದ್‌ಜಿಯೇ ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿ ಬಂದರಂತೆ. ನಂತರದ ತಿಂಗಳುಗಳಲ್ಲಿ ಆ ಲಾಗ್‌ಬುಕ್ಕಿನಲ್ಲಿ 'ಇಳಿತ ಗಟ್ಟಿಯಾಯಿತು, ಪರಿಶೀಲಿಸಿ' ಎಂಬ ಸಾಲುಗಳು ಶುರುವಾದವು, ಕೆಳಗೆ ಹೆಸರು ಸಮೇತ. ನಾನು ನೋಡಿದ ಮೊದಲ ಅಂಥ ಸಾಲಿನ ಕೆಳಗಿದ್ದದ್ದು ಒಬ್ಬ ಹುಡುಗಿಯ ಸಹಿ.

ಸಮಯ ಮೀರಿದೆ ಎಂದು ನಿರೂಪಕರು ಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ. ಕಾರಿನ ಟೈರಿನ ಪ್ರಶ್ನೆಗೂ ಉತ್ತರ ಹೇಳುತ್ತೇನೆ, ಆದರೆ ಯಾವ ಅಂಚು ಸವೆದಿದೆ ಎಂದು ಮೊದಲು ಕೆಳಗಿಳಿದು ನೋಡಿಕೊಂಡು ಬನ್ನಿ.